ಒಂದೂ ಗೋಲು ಹೊಡೆಯದ ಹುಡುಗ

ಪ್ರೀತಿಯ ಸಿದ್ದೇಶ್ವರಿ ಅತ್ತೆಗೆ,

ಅಮೆರಿಕದ ರಾಕ್‌ವಿಲ್‌ನಿಂದ ನಿಮ್ಮಣ್ಣನ ಮಗಳು ನೀರಜಾ ಮಾಡುವ ಶರಣು.

ಇವತ್ತು ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ನಿಮ್ಮ ಮಗ ಪವನನ ಫುಟ್‌ಬಾಲ್ ಬೂಟುಗಳಿದ್ದವು. ಕೆಸರು ಕೆರೆದು, ತೊಳೆದು, ಅಡಿಯ ಮೊಳೆಗಳ ಸಂದಿಯನ್ನೂ ಕಡ್ಡಿಯಿಂದ ಕೆದಕಿ ಸ್ವಚ್ಛ ಮಾಡಿ, ಒಳಗೆ ಹಳೆಯ ಪೇಪರು ತುರುಕಿ ಗೋಡೆಗೆ ಒರಗಿಸಿ ಇಟ್ಟಿದ್ದ. ಸೆಪ್ಟೆಂಬರಿನ ಇಬ್ಬನಿ ಅವುಗಳ ಮೇಲೆ ಸಣ್ಣಗೆ ಕೂತಿತ್ತು. ನಾನು ಒಂದನ್ನು ಎತ್ತಿ ನೋಡಿದೆ. ಪೇಪರು ಇನ್ನೂ ಒದ್ದೆಯಾಗಿತ್ತು.

ಅವನ ಸೂಟ್‌ಕೇಸು ಬುಧವಾರದಿಂದಲೇ ಬೇಸ್‌ಮೆಂಟಿನ ಬಾಗಿಲ ಬಳಿ ತುಂಬಿ ನಿಂತಿದೆ. ನಾಳೆ ಶನಿವಾರ ಸಂಜೆ ಡಲೆಸ್ ಏರ್‌ಪೋರ್ಟಿನಿಂದ ಅವನ ವಿಮಾನ. ಆಟ ಬಿಟ್ಟು ಊರಿಗೆ ಹೊರಟವನು ಬೂಟಿಗೆ ಪೇಪರು ಯಾಕೆ ತುರುಕುತ್ತಾನೆ ಅತ್ತೆ? ಮರುದಿನ ಹಾಕಿಕೊಳ್ಳುವವನು ಮಾಡುವ ಕೆಲಸ ಅದು. ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಇದೊಂದೇ ಕೂತಿದೆ.

ನಾನು ಈ ಕಾಗದವನ್ನು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿ ನನ್ನ ಕೆಲಸ ಜನ ಓದಿ ಮರಳಿಸಿದ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು. ಯಾರೊಂದಿಗೂ ಹೆಚ್ಚು ಮಾತನಾಡಬೇಕಾಗಿಲ್ಲ, ಅದಕ್ಕೇ ನನಗೆ ಹಿಡಿಸಿದೆ. ಫೋನಿನಲ್ಲಿ ನಾನೆಂಥವಳು ಎಂಬುದು ನಿಮಗೆ ಗೊತ್ತೇ ಇದೆ. ಪ್ರತಿ ಭಾನುವಾರ ಅಪ್ಪ ಇಂಗ್ಲೆಂಡಿಗೆ, ನಿಮ್ಮ ಲೆಸ್ಟರ್‌ಗೆ ಫೋನು ಹಚ್ಚಿ, ತಾನು ಮಾತಾಡಿ, ಅವ್ವ ಮಾತಾಡಿ, ಕೊನೆಗೆ ನನ್ನ ಕೈಗೆ ಕೊಟ್ಟಾಗ "ಅರಾಮ ಅದೀನ್ರಿ ಅತ್ತಿ, ನೀವು?" ಅನ್ನುವುದರೊಳಗೆ ನನ್ನ ಮಾತು ಮುಗಿದಿರುತ್ತದೆ. ಹೋದ ಭಾನುವಾರ ನೀವು ನನಗೆ ಹೇಳಿದಿರಿ: "ನೀರೂ, ನೀ ಶಾಣ್ಯಾಕಿ ಇದ್ದಿ. ಅವಗ ನೀನ ನಾಕು ಮಾತು ತಿಳಿಸಿ ಹೇಳಿ ವಿಮಾನ ಹತ್ತಸವಾ. ನಿನ್ನ ಮಾತು ಕೇಳ್ತಾನ." ನಾನು "ಆತ್ರಿ ಅತ್ತಿ" ಅಂದೆ. ನಿಮಗೆ ಕೊಟ್ಟ ಆ ಒಂದು ಮಾತಿನ ಬಗ್ಗೆಯೇ ಈ ಕಾಗದ.

ಪವನ ಏಪ್ರಿಲ್‌ನಲ್ಲಿ ನಮ್ಮ ಮನೆಗೆ ಬಂದಾಗ ಅವನನ್ನು ನಾನು ಸರಿಯಾಗಿ ನೋಡಿದ್ದೇ ಮೊದಲ ಸಲ. ಧಾರವಾಡದ ನಮ್ಮ ಮನೆಗೆ ನೀವು ಕರೆದುಕೊಂಡು ಬಂದಾಗ ಅವನು ಐದು ವರ್ಷದವನು, ಅಂಗಳದಲ್ಲಿ ನಿಂಬೆಹಣ್ಣು ಒದೆಯುತ್ತ ಇರುತ್ತಿದ್ದ. ಈಗ ಹತ್ತೊಂಬತ್ತರ ಹುಡುಗ, ನನಗಿಂತ ಎರಡೇ ಬೆರಳು ಎತ್ತರ. ಬಾಗಿಲಲ್ಲಿ ನಿಂತು ಅಪ್ಪನಿಗೆ ಬಗ್ಗಿ ನಮಸ್ಕಾರ ಮಾಡಿ, "ಹ್ಯಾಂಗ ಅದೀರಿ ಮಾಮಾ, ಆಲ್‌ರೈಟ್?" ಅಂದ. ಧಾರವಾಡದ ಮಾತಿಗೆ ಲೆಸ್ಟರಿನ ರಾಗ. ಅವ್ವನಿಗೆ ನಗು ತಡೆಯಲಾಗಲಿಲ್ಲ. ಅವನ ಚೀಲದಿಂದ ಹೊರಬಂದ, ಬ್ರೆಡ್ಡಿಗೆ ಸವರುವ ಕಪ್ಪು ಮಾರ್ಮೈಟ್ ಡಬ್ಬಿಯನ್ನು ಮೂಸಿ ನೋಡಿ, "ಇದೇನೋ ತಮ್ಮಾ, ಚಕ್ಕಡಿಗೆ ಹಚ್ಚೂ ಕೀಲೆಣ್ಣಿ ತಂದೀಯಲ್ಲ!" ಅಂದಳು. ಈಗ ಅದೇ ಡಬ್ಬಿ ನಮ್ಮ ಶೇಂಗಾ ಹಿಂಡಿಯ ಪಕ್ಕ ಕೂತಿದೆ. ಅವನು ರೊಟ್ಟಿಗೆ ಎರಡನ್ನೂ ಹಚ್ಚಿಕೊಂಡು ತಿನ್ನುತ್ತಾನೆ.

ನಿಮಗೆ ಅವನ ಬಗ್ಗೆ ಏನೇನು ಗೊತ್ತಿದೆ, ಏನೇನನ್ನು ಅವನು ಹೇಳಿಲ್ಲ, ನನಗೆ ತಿಳಿಯದು. ಹದಿನಾರಕ್ಕೆ ಅವನು ಓದು ಬಿಟ್ಟು ಕ್ಲಬ್ಬಿನಲ್ಲಿ ತರಬೇತಿಗೆ ಸೇರಿದಾಗ ನೀವು ಒಂದು ತಿಂಗಳು ಅವನ ಹತ್ತಿರ ಮಾತಾಡಲಿಲ್ಲವಂತೆ. ಕಾಗದಪತ್ರಕ್ಕೆ ಮಾವ ಒಬ್ಬರೇ ಹೋಗಿ ಸಹಿ ಹಾಕಿ ಬಂದರಂತೆ. ಇದನ್ನು ಅವನು ದೂರಿನ ಹಾಗೆ ಹೇಳಲಿಲ್ಲ. "ಅವ್ವ ಬೋನ್ ವಾರ್ಡ್‌ನ್ಯಾಗ ಡ್ಯೂಟಿ ಮಾಡ್ತಾಳಲ್ಲ ಅಕ್ಕಾ, ನನ್ನಂಥಾ ಹುಡುಗರ ಮೊಣಕಾಲನ್ನ ದಿನಾ ನೋಡ್ತಾಳ. ಆಕಿಗೆ ಅಂಜಿಕಿ ಆಗೂದು ಫೇರ್ ಅದ" ಅಂದ. ನೀವು ಅಂಜಿದ್ದು ಅವನಿಗೆ ತಿಳಿಯುತ್ತದೆ ಅತ್ತೆ. ನೀವು ಸಿಟ್ಟಾಗಿದ್ದೀರಿ ಎಂದು ಅವನು ಒಂದು ಸಲವೂ ಹೇಳಲಿಲ್ಲ.

ಅಲ್ಲಿ ಹೊಸ ಹುಡುಗರು ಹಿರಿಯ ಆಟಗಾರರ ಬೂಟು ತೊಳೆಯಬೇಕಂತೆ. ಸ್ಟ್ಯಾಂಡಿನ ಕಸ ಗುಡಿಸಬೇಕಂತೆ. ಬೂಟಿನೊಳಗೆ ಪೇಪರು ತುರುಕುವುದನ್ನು ಅವನು ಕಲಿತದ್ದು ಅಲ್ಲಿ. ಎರಡು ವರ್ಷ ಹಾಗೆ ಮಾಡಿದ. ಹದಿನೆಂಟಕ್ಕೆ ಒಂದು ಚಳಿಯ ಸಂಜೆ, ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ದೊಡ್ಡವರ ತಂಡದಲ್ಲಿ ಇಳಿಸಿದರು. ಆವತ್ತು ನೀವು ಡ್ಯೂಟಿಯಲ್ಲಿದ್ದಿರಿ. ಮಾವ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೋಗಿ, ಮಗ ಮೈದಾನಕ್ಕೆ ಇಳಿದ ಗಡಿಬಿಡಿಯಲ್ಲಿ ಅದನ್ನು ಮುಂದಿನ ಸಾಲಿನವನ ಬೆನ್ನಿಗೆ ಚೆಲ್ಲಿದರಂತೆ. ಪವನ ಇದನ್ನು ಹೇಳುವಾಗ ಹೊಟ್ಟೆ ಹಿಡಿದು ನಗುತ್ತಾನೆ. ಅವನ ಪಾಲಿಗೆ ಚೆಂಡು ಬಂದದ್ದು ನಾಲ್ಕೇ ಸಲ. ನಾಲ್ಕು ಸಲವೂ ತನ್ನ ತಂಡದವನಿಗೇ ಸರಿಯಾಗಿ ಮುಟ್ಟಿಸಿದೆ ಅನ್ನುತ್ತಾನೆ. ಡ್ರೆಸ್ಸಿಂಗ್ ರೂಮಿನಲ್ಲಿ ಒಬ್ಬ, "ಇನ್ನ ಅಂಗಡಿ ಯಾವಾಗ ತೆಗೀತೀ?" ಎಂದು ಕೇಳಿದನಂತೆ. ನಮ್ಮವರೆಂದರೆ ಅಂಗಡಿ ಇಡುವವರೇ ಎಂಬ ಅಲ್ಲಿನ ಕುಹಕ. ಎಲ್ಲರಿಗಿಂತ ಮೊದಲು ಇವನೇ ನಕ್ಕನಂತೆ. ಯಾಕೆ ನಕ್ಕಿ ಎಂದು ಕೇಳಿದೆ. "ನಗಲಿಲ್ಲಂದ್ರ ಬಾಲ್ ಪಾಸ್ ಮಾಡೂದಿಲ್ಲ ಅಕ್ಕಾ" ಅಂದ. ಇದನ್ನು ಹೇಳುವಾಗ ಅವನ ಮುಖದಲ್ಲಿ ನಗು ಇರಲಿಲ್ಲ.

ಆ ಚಳಿ ಕಳೆದು ವಸಂತ ಬಂದಾಗ ಹುಡುಗರನ್ನು ಒಬ್ಬೊಬ್ಬರನ್ನಾಗಿ ಮ್ಯಾನೇಜರ್ ಕೋಣೆಗೆ ಕರೆದರು. ಒಳ್ಳೆಯ ಹುಡುಗ, ಕಾಲಿನಲ್ಲಿ ಕಲೆ ಇದೆ, ಮೈಕಟ್ಟು ಸಾಲದು, ಮುಂದಕ್ಕೆ ಇಟ್ಟುಕೊಳ್ಳಲಾರೆವು ಎಂದರಂತೆ. ಕೆಲವರು ಅಳುತ್ತ ಹೊರಬಂದರು. ಇವನು ಹೊರಗೆ ಬಂದು, ಅರ್ಧ ತೊಳೆದಿದ್ದ ಬೂಟುಗಳನ್ನು ಪೂರ್ತಿ ತೊಳೆದು ಮನೆಗೆ ಬಂದನಂತೆ. ಹಾಗಾಗಿ ಇವತ್ತಿನ ಬೂಟುಗಳೂ ಬರಿಯ ರೂಢಿಯೇ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಮನಸ್ಸು ಒಪ್ಪಲಿಲ್ಲ.

ಮರುವರ್ಷ ಇಲ್ಲಿಗೆ ಬಂದದ್ದು ಬೇಸಿಗೆಯಲ್ಲಿ ಮಕ್ಕಳಿಗೆ ಆಟ ಕಲಿಸಲು. ಆದರೆ ಇಲ್ಲಿನ ಸಣ್ಣ ಲೀಗಿನ ತಂಡವೊಂದು ಒಂದು ಸೀಸನ್ನಿಗೆ ಕರಾರು ಮಾಡಿಕೊಂಡಿತು. ವಾರವಿಡೀ ಮಕ್ಕಳ ಕ್ಯಾಂಪು, ಶನಿವಾರ ಪಂದ್ಯ. ಇಲ್ಲಿಂದ ಮುಂದೆ ನಡೆದದ್ದೇ ನಾನು ನಿಮಗೆ ಹೇಳಬೇಕಾದದ್ದು, ಯಾಕೆಂದರೆ ಇದರ ಸುದ್ದಿ ನಿಮಗೆ ತಲುಪಿದ್ದು ಅಪ್ಪನ ಬಾಯಿಂದ.

ಪ್ರತಿ ಶನಿವಾರ ಊಟಕ್ಕೆ ಕೂತಾಗ ಅಪ್ಪನ ಮೊದಲ ಪ್ರಶ್ನೆ ಒಂದೇ. "ಎಷ್ಟು ಹೊಡದ್ಯೋ?"

"ನಾಟ್ ಎನಿ, ಮಾಮಾ."

"ಇವತ್ತೂ ಸೊನ್ನಿ?"

"ಆದ್ರ ಗೆದ್ವಿ ಮಾಮಾ."

"ತಂಡ ಗೆದ್ದದ್ದು ಇರ್ಲೋ, ನೀ ಎಷ್ಟು ಹೊಡದಿ ಅಂತ ಕೇಳಾಕತ್ತೀನಿ. ನಾ ಬಿ.ವಿ.ಬಿ. ಕಾಲೇಜಿನ್ಯಾಗ ಓಪನಿಂಗ ಆಡಾಂವ. ಸೊನ್ನಿಗೆ ಔಟ್ ಆದ ದಿನ ಮೆಸ್ಸಿನ್ಯಾಗ ಮಾರಿ ತೋರಸ್ತಿದ್ದಿಲ್ಲ."

"ಹುಡುಗನ್ನ ಉಣ್ಣಾಕ ಬಿಡ್ರಿ" ಎಂದು ಅವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಮರುದಿನ ಭಾನುವಾರ ಅಪ್ಪ ನಿಮಗೆ ಫೋನಿನಲ್ಲಿ, "ಈ ವಾರಾನೂ ಇಲ್ಲವಾ ಸಿದ್ದವ್ವಾ, ಒಂದೂ ಇಲ್ಲ" ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ನಪಾಸಾದ ಮಗನ ಸುದ್ದಿಯನ್ನು ತಂಗಿಗೆ ಮೆಲ್ಲಗೆ ತಿಳಿಸುವ ದನಿ. ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ನಮ್ಮ ಮನೆತನದಲ್ಲಿ ಎಲ್ಲಕ್ಕೂ ಅಂಕ ಇರಬೇಕು. ಅಂಕ ಇಲ್ಲದಿದ್ದರೆ ರನ್ನಾದರೂ ಇರಬೇಕು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ವಾರ ವಾರವೂ ನಿಮ್ಮ ಕಿವಿಗೆ ಬಿದ್ದದ್ದು ಸೊನ್ನೆ. ಹಾಗೆ ಕೇಳಿ ಕೇಳಿ, ಅಕ್ಟೋಬರಿನಿಂದ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಕೋರ್ಸಿಗೆ ನೀವು ಅವನಿಗೆ ಸೀಟು ಮಾಡಿಸಿದಿರಿ. ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು.

ಆಶ್‌ಬರ್ನಿನ ಈರಣ್ಣ ಅಂಕಲ್ಲಂತೂ ಕನ್ನಡ ಸಂಘದ ಪಿಕ್‌ನಿಕ್ಕಿನಲ್ಲಿ ಎಲ್ಲರ ಮುಂದೆ, "ಏನ್ರೀ ರಾಮಲಿಂಗಪ್ಪ, ನಿಮ್ಮ ಸೋದರಳಿಯಾ ಸುಮ್ನ ಮೈದಾನದಾಗ ವಾಕಿಂಗ್ ಮಾಡಾಕ ರೊಕ್ಕಾ ತಗೊಳ್ತಾನಂತಲ್ಲ. ನನಗೂ ಡಾಕ್ಟರ್ ವಾಕಿಂಗ್ ಮಾಡ್ರಿ ಅಂದಾರ, ಸ್ವಲ್ಪ ಶಿಫಾರಸ್ ಮಾಡಸ್ರಿ" ಅಂದರು. ಎಲ್ಲರೂ ನಕ್ಕರು. ಪವನನೂ ನಕ್ಕ, ಎಲ್ಲರಿಗಿಂತ ಮೊದಲೇ. ಆ ನಗು ಎಲ್ಲಿಂದ ಬಂದದ್ದು ಎಂದು ಆ ಜಾಗದಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ನನಗೂ ಅವನ ಆಟ ತಿಳಿಯುತ್ತಿರಲಿಲ್ಲ. ಚೆಂಡು ಎಲ್ಲಿದೆಯೋ ಅಲ್ಲಿ ನೋಡುತ್ತಿದ್ದೆ, ಅಲ್ಲಿ ಪವನ ಇರುತ್ತಿರಲಿಲ್ಲ. ಇದ್ದರೂ ಒಂದು ಕ್ಷಣ. ಅದು ತಿಳಿದದ್ದು ಜುಲೈನಲ್ಲಿ, ಅಟ್ಲಾಂಟಾದಲ್ಲಿ.

ಅಪ್ಪನ ಗೆಳೆಯ ವೀರಣ್ಣ ಅಂಕಲ್ ಅಲ್ಲಿ ಹೊಸ ಮನೆ ತಗೊಂಡಿದ್ದರು. ಅವರ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಅದೇ ಊರಿನಲ್ಲಿ ಮರುದಿನ ಸಂಜೆ ಪವನನ ಪಂದ್ಯವಿತ್ತು. ಅವರ ತಂಡದ ವ್ಯಾನು ಒಂದು ದಿನ ಮೊದಲೇ ಬಂದದ್ದರಿಂದ ಅವನೂ ಊಟಕ್ಕೆ ಬಂದ. ಕಾರುಗಳನ್ನು ಹೊರಗೆ ನಿಲ್ಲಿಸಿ, ಗರಾಜಿನ ನೆಲಕ್ಕೆ ಜಮಖಾನ ಹಾಸಿ ಪಂಕ್ತಿ ಹಾಕಿದ್ದರು. ಬಾಳೆ ಎಲೆ ಸಿಗದೆ ಪೇಪರ್ ಪ್ಲೇಟು. ಗೋಧಿ ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ, ಅನ್ನ, ಸಾರು. ಬಡಿಸುವವರು ಕಡಿಮೆ ಇದ್ದರು. ಯಾರೂ ಕೇಳುವ ಮೊದಲೇ ಪವನ ಪ್ಯಾಂಟನ್ನು ಮಡಚಿ ಸಾರಿನ ಬಕೆಟ್ಟು ಹಿಡಿದ.

ಅವನು ಬಡಿಸುವುದನ್ನು ನೀವು ನೋಡಬೇಕಿತ್ತು. ಅಲ್ಲ, ನೀವು ನೋಡಿದ್ದೀರಿ. ನೀವೇ ಕಲಿಸಿದ್ದು ತಾನೆ? ಉಳಿದ ಹುಡುಗರು ಬಗ್ಗಿಕೊಂಡು ಪ್ಲೇಟಿನಿಂದ ಪ್ಲೇಟಿಗೆ ಸಾಲಾಗಿ ಹೋಗುತ್ತಿದ್ದರು. ಇವನು ಒಬ್ಬರಿಗೆ ಬಡಿಸುವಾಗಲೇ ತಲೆ ಎತ್ತಿ ಆಚೆ ಸಾಲು ನೋಡುತ್ತಿದ್ದ, ಹೊರಳಿ ಹಿಂದಿನ ಸಾಲು ನೋಡುತ್ತಿದ್ದ. ಯಾರ ಕೈ ನಿಂತಿದೆ, ಯಾರು ಒಣ ಅನ್ನ ಕಲಸುತ್ತಿದ್ದಾರೆ, ಯಾರು ಕೇಳಲು ಸಂಕೋಚಪಡುತ್ತಿದ್ದಾರೆ. ವೀರಣ್ಣ ಅಂಕಲ್ಲರ ತಾಯಿ ಬೆರಗಾಗಿ, "ಈ ಇಂಗ್ಲೆಂಡಿನ ಹುಡುಗಗ ಹ್ಯಾಂಗ ಗೊತ್ತಾತವಾ ನನಗ ಇನ್ನಷ್ಟು ಸಾರು ಬೇಕಂತ?" ಅಂದರು. ಅದಕ್ಕೆ ಅವನು, "ನಮ್ಮವ್ವ ಕಲಿಸ್ಯಾಳ್ರಿ ಅಜ್ಜಿ. ಎಲಿ ನೋಡಬ್ಯಾಡ, ಮಾರಿ ನೋಡು ಅಂತ" ಅಂದ. ಲೆಸ್ಟರಿನಲ್ಲಿ ಬಸವ ಜಯಂತಿಯ ಊಟಕ್ಕೆ ನಿಮ್ಮ ಹಿಂದೆ ನೀರಿನ ತಂಬಿಗೆ ಹಿಡಿದು ಓಡಾಡುತ್ತಿದ್ದನಂತೆ. ಅಜ್ಜಿ ಅವನ ಗಲ್ಲ ಹಿಡಿದು, "ಇಂಥಾ ಅಳಿಯಾನ್ನ ಬಿಡಬ್ಯಾಡ ರಾಮಲಿಂಗಪ್ಪಾ, ಮಗಳು ಇಲ್ಲೇ ಅದಾಳಲ್ಲ" ಎಂದು ನನ್ನ ಕಡೆ ನೋಡಿದರು. ನಾನು ಅಡುಗೆಮನೆಗೆ ಎದ್ದು ಹೋದೆ. ಅವನು ಹಿಂದಿನಿಂದ, "ಆಕಿ ನಮ್ಮ ಅಕ್ಕ ಅಜ್ಜಿ, ಗಿವ್ ಹರ್ ಎ ಬ್ರೇಕ್!" ಎಂದು ಕೂಗಿದ್ದು ಕೇಳಿಸಿತು.

ಮರುದಿನ ಸಂಜೆ ಅಲ್ಯೂಮಿನಿಯಂ ಬೆಂಚಿನ ಮೇಲೆ ಕೂತು ಪಂದ್ಯ ನೋಡುವಾಗ ನಾನು ಚೆಂಡನ್ನು ಬಿಟ್ಟು ಅವನೊಬ್ಬನನ್ನೇ ನೋಡಿದೆ. ಅತ್ತೆ, ಅದೇ ಬಡಿಸುವಿಕೆ. ಚೆಂಡು ಇನ್ನೂ ದೂರದಲ್ಲಿರುವಾಗಲೇ ಅವನು ಎಡಕ್ಕೊಮ್ಮೆ ತಲೆ ಹೊರಳಿಸುತ್ತಾನೆ, ಬಲ ಭುಜದ ಮೇಲಿಂದ ಹಿಂದೆ ನೋಡುತ್ತಾನೆ. ಮೈದಾನದ ನಡುವೆ, ಮುಂದಿನವರಿಗೂ ಹಿಂದಿನವರಿಗೂ ಮಧ್ಯೆ, ಯಾರಿಗೆ ಏನು ಬೇಕಾಗಿದೆ ಎಂದು ಲೆಕ್ಕ ಹಾಕುತ್ತಲೇ ಇರುತ್ತಾನೆ. ಚೆಂಡು ಕಾಲಿಗೆ ಬಂದಾಗ ಅವನ ನೋಡುವ ಕೆಲಸ ಮುಗಿದಿರುತ್ತದೆ. ಒಂದು ತಟ್ಟು, ಅಷ್ಟೇ. ಅದು ಓಡುತ್ತಿರುವ ಹುಡುಗನ ಕಾಲ ಮುಂದೆ ಹೋಗಿ ಬೀಳುತ್ತದೆ, ಅವನು ಕೇಳುವ ಮೊದಲೇ. ಆ ಹುಡುಗ ಇನ್ನೊಬ್ಬನಿಗೆ ಕೊಡುತ್ತಾನೆ, ಇನ್ನೊಬ್ಬ ಗೋಲು ಹೊಡೆಯುತ್ತಾನೆ, ಜನ ಎದ್ದು ಕೂಗುತ್ತಾರೆ. ಆ ಹೊತ್ತಿಗೆ ಪವನ ಬಹಳ ಹಿಂದೆ, ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾನೆ. ಉಂಡವರು ಹುಗ್ಗಿಯನ್ನು ಹೊಗಳುತ್ತಾರೆ. ತುಪ್ಪ ಬಡಿಸಿದವರು ಯಾರು ಎಂದು ಯಾರಿಗೆ ನೆನಪಿರುತ್ತದೆ?

ಅಪ್ಪನಿಗೆ ಇದನ್ನು ಹೇಳಿದೆ. ನನ್ನ ಮಟ್ಟಿಗೆ ಅದು ದೊಡ್ಡ ಭಾಷಣ. ಅಪ್ಪ ಗಮನವಿಟ್ಟು ಕೇಳಿ, "ಖರೇ ಇರಬಹುದವಾ. ಆದ್ರ ಅದನ್ನ ಎಣಸೂದು ಹ್ಯಾಂಗ?" ಅಂದರು. ಅವರು ಎಂಜಿನಿಯರು. ಎಣಿಸಲಾಗದ್ದನ್ನು ಅವರು ಫೋನಿನಲ್ಲಿ ನಿಮಗೆ ಹೇಗೆ ಹೇಳಿಯಾರು? ಆ ಭಾನುವಾರವೂ ನಿಮಗೆ ಸೊನ್ನೆಯೇ ತಲುಪಿತು.

ಅವನಲ್ಲಿ ಕೊರತೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ, ನಾನೇ ಕಂಡಿದ್ದೇನೆ. ಆಗಸ್ಟಿನಲ್ಲಿ ಕೊನೆಯ ಪಂದ್ಯ ಇಲ್ಲೇ ನಡೆಯಿತು. ಒಂದು ಸಲ ಚೆಂಡು ಅವನ ಕಾಲಲ್ಲೇ ಇತ್ತು, ಗೋಲು ಎದುರಿಗೇ ತೆರೆದಿತ್ತು. ಅಪ್ಪ ಬೆಂಚಿನ ಮೇಲೆ ಎದ್ದು ನಿಂತು, "ಹೊಡಿಯೋ! ಹೊಡಿಯಲೇ!" ಎಂದು ಕೂಗಿದರು. ಸ್ಟ್ಯಾಂಡಿನ ಅಮೆರಿಕನ್ನರೆಲ್ಲ ತಿರುಗಿ ನೋಡಿದರು. ಪವನ ಹೊಡೆಯಲಿಲ್ಲ. ಪಕ್ಕದಲ್ಲಿ ಓಡಿ ಬರುತ್ತಿದ್ದವನಿಗೆ ತಳ್ಳಿದ. ಅವನು ಆಕಾಶಕ್ಕೆ ಒದ್ದ. "ನೋಡಿದ್ಯಾ ನೀರೂ? ತನ್ನ ಎಲಿಗೆ ಬಂದದ್ದನ್ನ ಮಂದಿಗೆ ಬಡಿಸಿದ" ಎಂದು ಅಪ್ಪ ಹಣೆ ಚಚ್ಚಿಕೊಂಡು ಕೂತರು. ಆವತ್ತು ಅಪ್ಪ ಹೇಳಿದ್ದು ಸರಿಯಾಗಿತ್ತು. ಬಡಿಸಿ ಬಡಿಸಿ ತಾನು ಉಣ್ಣಲು ಕೂರುವುದನ್ನೇ ಮರೆಯುವವರು ಇರುತ್ತಾರೆ. ನಿಮ್ಮ ಮಗ ಅಂಥವನು. ನೀವೂ ಸ್ವಲ್ಪ ಹಾಗೆಯೇ ಎಂದು ಅವ್ವ ಹೇಳುತ್ತಿರುತ್ತಾಳೆ.

ಇನ್ನು ಈ ವಾರದ ಮಾತು. ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಫೋನು ಬಂತು. ಅವ್ವ ಸ್ನಾನಕ್ಕೆ ಹೋಗಿದ್ದಳು, ಬೇರೆ ದಾರಿಯಿಲ್ಲದೆ ನಾನೇ ಎತ್ತಿಕೊಂಡೆ. ನಾರ್ತ್ ಕ್ಯಾರೊಲಿನಾದ ತಂಡವೊಂದರ ಕೋಚ್. ನಮಗಿಂತ ಒಂದು ಮೆಟ್ಟಿಲು ಮೇಲಿನ ಲೀಗು ಅವರದು. ಜೂನ್‌ನಲ್ಲಿ ಪವನ ಅವರ ಊರಿಗೆ ಆಡಲು ಹೋಗಿದ್ದಾಗ ಅವನನ್ನು ನೋಡಿದ್ದರಂತೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಟ್ರಯಲ್ ಇದೆ, ಬರಲಿ, ಸರಿಬಂದರೆ ಮುಂದಿನ ಸೀಸನ್ನಿಗೆ ಕರಾರು ಮಾಡುತ್ತೇವೆ ಎಂದರು. ನಾನು ಹೆದರಿ, ಅಪ್ಪನ ಹಾಗೆ, ಅವನು ಗೋಲು ಹೊಡೆಯುವುದಿಲ್ಲವಲ್ಲ ಎಂದುಬಿಟ್ಟೆ. ಅವರು ನಕ್ಕರು. ಗೋಲು ಹೊಡೆಯುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಅವರಿಗೆ ಚೆಂಡು ಮುಟ್ಟಿಸುವವನು ಇಲ್ಲ ಎಂದರು. ಅತ್ತೆ, ಫೋನು ಇಟ್ಟವಳೇ ಅವರು ಹೇಳಿದ ಮೈದಾನದ ವಿಳಾಸವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ಸಂಜೆ ಪವನನಿಗೆ ಹೇಳಿದೆ. ಅವನ ಮುಖದಲ್ಲಿ ಏನೋ ಬೆಳಗಿ, ತಕ್ಷಣ ಆರಿತು. "ಥ್ಯಾಂಕ್ಸ್ ಅಕ್ಕಾ. ಬಟ್ ಶನಿವಾರ ಫ್ಲೈಟ್ ಅದಲ್ಲ" ಅಂದು ಬೇಸ್‌ಮೆಂಟಿಗೆ ಇಳಿದು ಹೋದ. ಮರುದಿನ ಸೂಟ್‌ಕೇಸು ಮೇಲೆ ಬಂತು. ಮಾವನಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಲಿಲ್ಲ, ನಿಮಗಂತೂ ಹೇಳಿಲ್ಲ. ನಿನ್ನೆ ಸಂಜೆ ಲೈಬ್ರರಿಯಿಂದ ಬರುವಾಗ ಅವನನ್ನು ಕ್ಯಾಂಪಿನಿಂದ ಹತ್ತಿಸಿಕೊಂಡೆ. ರಾಕ್‌ವಿಲ್ ಪೈಕ್ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಧೈರ್ಯ ಮಾಡಿ ಕೇಳಿದೆ, "ಪವನಾ, ಹೋಗಬೇಕಂತ ಅನ್ನಸ್ತದೇನ?"

ಅವನು ಕಾಲ ಬಳಿಯ ಬೂಟಿನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. "ಅನ್ನಸ್ತದ ಅಕ್ಕಾ. ಭಾಳ ಅನ್ನಸ್ತದ. ಆದ್ರ ಅವ್ವ ಸೀಟು ತಗೊಂಡಾಳ, ಏರ್‌ಪೋರ್ಟ್‌ನ್ಯಾಗ ಬಂದು ನಿಂತಿರ್ತಾಳ. ಆಕಿ ಮಾರಿ ನನಗ ಈಗ ಕಾಣಸ್ತದ. ಐ ಕಾಂಟ್."

ಮತ್ತೆ ತೆರೆದ ಗೋಲು ಅತ್ತೆ. ಮತ್ತೆ ಅವನು ಪಕ್ಕದವರಿಗೆ ತಳ್ಳುತ್ತಿದ್ದಾನೆ. ಈ ಸಲ ಪಕ್ಕದಲ್ಲಿರುವುದು ನೀವು. ಆದರೆ ಇದನ್ನು ನೀವು ಕೇಳಿಯೇ ಇಲ್ಲ. ನೀವು ಕೇಳಿದ್ದು ಸೊನ್ನೆಯಿಂದ ಬಿಡುಗಡೆ. ಅದು ಸೊನ್ನೆ ಆಗಿರಲಿಲ್ಲ ಎಂಬುದು ನಿಮಗೆ ಯಾರೂ ಹೇಳದ ವಿಷಯ. ಮೊಣಕಾಲು ಮುರಿಯುವುದಿಲ್ಲ ಎಂದು ನಾನು ಹೇಳಲಾರೆ. ನಾಳೆ ಅವರು ಇವನನ್ನು ಆರಿಸುತ್ತಾರೆ ಎಂದೂ ಹೇಳಲಾರೆ. ಅವರೂ ಮೈಕಟ್ಟು ಸಾಲದು ಎನ್ನಬಹುದು. ಹಾಗಾದರೆ ಅವನು ಮುಂದಿನ ವಾರದ ವಿಮಾನ ಹತ್ತಿ, ಕೋರ್ಸಿಗೆ ಹೊತ್ತಿಗೆ ಸರಿಯಾಗಿ ಬಂದು ಸೇರುತ್ತಾನೆ, ಯಾವ ಉಳಿದ ಆಸೆಯೂ ಇಲ್ಲದೆ. ಆದರೆ ನಿಮ್ಮ ಮುಖ ನೆನೆದು ಬೂಟು ಬಿಟ್ಟು ಬಂದರೆ, ಮುಂದೆ ಪ್ರತಿದಿನ ಆ ಮುಖವನ್ನು ಅವನು ಹೇಗೆ ನೋಡಿಯಾನು?

ಇಷ್ಟು ಬರೆಯುವವಳು ನಾನು ಏನು ದೊಡ್ಡ ಧೈರ್ಯವಂತೆ ಎಂದುಕೊಳ್ಳಬೇಡಿ. ಅವನಿಗೆ ಇಲ್ಲಿನ ಲೈಸೆನ್ಸ್ ಇಲ್ಲ. ಇರುವವಳು ನಾನು. ನಾನು ಕಾರು ಓಡಿಸುವುದು ಮನೆಯಿಂದ ಲೈಬ್ರರಿಗೆ, ಲೈಬ್ರರಿಯಿಂದ ಮನೆಗೆ, ಮತ್ತು ಶನಿವಾರ ಬೆಳಿಗ್ಗೆ ಅಪ್ಪ ಸೇರಿಸಿರುವ ಕಂಪ್ಯೂಟರ್ ಕ್ಲಾಸಿಗೆ. ಕನ್ನಡ ಎಂ.ಎ. ಇಟ್ಟುಕೊಂಡು ಇಲ್ಲಿ ಏನು ಮಾಡುತ್ತಿ ಎಂದು ಎಲ್ಲರೂ ಕೇಳುವುದರಿಂದ ಆ ಕ್ಲಾಸು. ಹೈವೇಗೆ ನಾನು ಒಬ್ಬಳೇ ಇಳಿದದ್ದೇ ಇಲ್ಲ. ಪವನ ನನ್ನನ್ನು ಕಾಡಿಸುವುದೂ ಅದಕ್ಕೇ: "ಅಕ್ಕಾ, ಲೇನ್ ಚೇಂಜ್ ಮಾಡೂ ಮುಂದ ನೀ ಐದು ಸಲ ಹಿಂದ ನೋಡ್ತಿ. ನನಗಿಂತ ಚಲೋ ನೋಡ್ತಿ. ಆಮ್ಯಾಲೆ ಹೋಗೂದೇ ಇಲ್ಲ! ನೋಡೂದು ಅರ್ಧಾ ಕೆಲಸ. ನೋಡಿದ ಮ್ಯಾಲೆ ಹೋಗಬೇಕ."

ಇವತ್ತು ಬೆಳಿಗ್ಗೆ ಬೂಟುಗಳನ್ನು ನೋಡುತ್ತ ನಾನು ನಿಂತಿದ್ದಾಗ ಅವ್ವ ಹಿಂದಿನಿಂದ ಬಂದು, "ಅವನ್ನ ಒಳಗ ತಗೊಂಡು ಕಾರಿನ್ಯಾಗ ಇಡು, ಇಬ್ಬನಿ ಬಿದ್ದದ" ಅಂದಳು. ಕಾರಿನಲ್ಲಿ ಯಾಕೆ ಎಂದು ನಾನು ಕೇಳಲಿಲ್ಲ. ಕೈಗೆ ಕೊಟ್ಟ ಬುತ್ತಿ ಇಬ್ಬರಿಗೆ ಎರಡು ಹೊತ್ತು ಆಗುವಷ್ಟಿದೆ. ಅವ್ವನಿಗೆ ಎಷ್ಟು ಗೊತ್ತು, ಯಾರು ಹೇಳಿದರು, ಅದನ್ನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಮುಖ ನೋಡಿ ಬಡಿಸುವುದು ನಿಮಗೊಬ್ಬರಿಗೇ ಬರುವ ವಿದ್ಯೆಯಲ್ಲ.

ನಾನು ಲೈಬ್ರರಿಯಲ್ಲಿ ಮಧ್ಯಾಹ್ನದಿಂದ ರಜೆ ಕೇಳಿಕೊಂಡಿದ್ದೇನೆ. ನನ್ನ ಜೊತೆ ಧಾರವಾಡದ ಹಾಸ್ಟೆಲ್ಲಿನಲ್ಲಿದ್ದ ವೇದಾ ಈಗ ನಾರ್ತ್ ಕ್ಯಾರೊಲಿನಾದ ಮಾರಿಸ್‌ವಿಲ್‌ನಲ್ಲಿದ್ದಾಳೆ, ಇಲ್ಲಿಂದ ಐದು ತಾಸಿನ ದಾರಿ. ಟ್ರಯಲ್ ನಡೆಯುವ ಮೈದಾನ ಅವಳ ಮನೆಗೆ ಹತ್ತಿರ. ಅವಳಿಗೆ ಫೋನು ಮಾಡಿದೆ, ನಾನೇ. "ಬಾರಲೇ, ಇದನ್ನ ಕೇಳಾಕ ಫೋನ್ ಬ್ಯಾರೆ ಮಾಡಬೇಕಾ?" ಅಂದಳು. ವಿಮಾನ ಕಂಪನಿಯವರಿಗೂ ಫೋನು ಮಾಡಿ ಕೇಳಿದೆ. ಅವನು ಹೇಳಿದರೆ ಟಿಕೆಟ್ಟಿನ ದಿನ ಮುಂದಕ್ಕೆ ಹಾಕಿಕೊಡುತ್ತಾರೆ. ಒಂದೇ ಬೆಳಿಗ್ಗೆ ಇಷ್ಟು ಜನರೊಂದಿಗೆ ನಾನು ಮಾತಾಡಿದ್ದು ಇದೇ ಮೊದಲು.

ಇವತ್ತು ಕೊನೆಯ ದಿನವಾದ್ದರಿಂದ ಹನ್ನೆರಡೂವರೆಗೇ ಪವನನ ಕ್ಯಾಂಪು ಮುಗಿಯುತ್ತದೆ. ಮಕ್ಕಳು ಅವನಿಗೆ ವಿದಾಯ ಹೇಳುತ್ತಿರುತ್ತಾರೆ. ನಾನು ಕಾರು ನಿಲ್ಲಿಸಿ, ಬೂಟುಗಳು ಹಿಂದಿನ ಸೀಟಿನಲ್ಲಿವೆ ಎಂದು ಹೇಳುತ್ತೇನೆ. ಹೋಗಬೇಕೋ ಬೇಡವೋ ಎಂದು ಒಂದು ಸಲ ಕೇಳುತ್ತೇನೆ. ಬೇಡವೆಂದರೆ ಮನೆಗೆ ಕರೆತಂದು, ನಿಮಗೆ ಮಾತು ಕೊಟ್ಟ ಹಾಗೆ ನಾಳೆ ವಿಮಾನ ಹತ್ತಿಸುತ್ತೇನೆ. ಅವನ ಪಾಲಿನ ಗೋಲನ್ನು ನಾನು ಹೊಡೆಯಲಾರೆ. ಆದರೆ ಅವನು ಕೇಳುವ ಮೊದಲೇ ಚೆಂಡನ್ನು ಅವನ ಕಾಲ ಮುಂದೆ ತಂದು ಇಡಬಲ್ಲೆ. ಅಷ್ಟು ಅವನಿಂದಲೇ ಕಲಿತಿದ್ದೇನೆ.

ಈ ಕಾಗದ ನಿಮಗೆ ಮುಟ್ಟುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಅವನು ಹೂಂ ಅಂದರೆ ನೀವು ಏರ್‌ಪೋರ್ಟಿಗೆ ಹೋಗಿ ಕಾಯಬಾರದು, ಅದಕ್ಕೆ ಇವತ್ತೇ ವೇದಾಳ ಮನೆಯಿಂದ ಫೋನು ಮಾಡುತ್ತೇನೆ. ಅಪ್ಪನ ಕೈಗೂ ಕೊಡದೆ, ಪವನನ ಕೈಗೂ ಕೊಡದೆ, ಮೊದಲು ನಾನೇ ಮಾತಾಡುತ್ತೇನೆ. "ಅರಾಮ ಅದೀನಿ" ಅಂದು ನಿಲ್ಲಿಸುವುದಿಲ್ಲ. ನೀವು ಬೈದರೆ ಕೇಳಿಸಿಕೊಳ್ಳುತ್ತೇನೆ. ಬೈದು ಮುಗಿದ ಮೇಲೆ ಒಂದೇ ಒಂದು ಕೇಳುತ್ತೇನೆ: ಮುಂದಿನ ಬೇಸಿಗೆಯಲ್ಲಿ ಎರಡು ವಾರ ರಜೆ ಹಾಕಿ ಬನ್ನಿ. ಅಪ್ಪನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಚೆಂಡನ್ನು ನೋಡದೆ ನಿಮ್ಮ ಮಗನನ್ನು ನೋಡಿ. ನಿಮಗೆ ಯಾರೂ ವಿವರಿಸಬೇಕಾಗುವುದಿಲ್ಲ.

ಗಡಿಯಾರ ಹನ್ನೆರಡು ತೋರಿಸುತ್ತಿದೆ. ಅಂಚೆಪೆಟ್ಟಿಗೆ ಲೈಬ್ರರಿಯ ಬಾಗಿಲಲ್ಲೇ ಇದೆ. ಬಲಕ್ಕೆ ತಿರುಗಿದರೆ ಮನೆಯ ದಾರಿ, ಎಡಕ್ಕೆ ಹೈವೇ. ನಾನು ಐದು ಸಲ ಹಿಂದೆ ನೋಡುತ್ತೇನೆ ಅತ್ತೆ, ಅದು ಬಿಡುವುದಿಲ್ಲ. ನೋಡಿದ ಮೇಲೆ ಹೋಗುತ್ತೇನೆ.

ನಿಮ್ಮ ಕೈ ಬಡಿಸಿದ ಯಾವ ಪಂಕ್ತಿಯಲ್ಲೂ ಯಾರೂ ಅರೆಹೊಟ್ಟೆಯಲ್ಲಿ ಎದ್ದಿಲ್ಲ ಎಂದು ಅಪ್ಪ ಹೇಳುತ್ತಾರೆ. ಆ ಕೈ ಇವತ್ತು ನಮ್ಮಿಬ್ಬರ ತಲೆಯ ಮೇಲೂ ಇರಲಿ. ಮಾವನಿಗೆ ಶರಣು ಹೇಳಿ.

ನಿಮ್ಮ ಮಾತು ಮೀರಿದರೂ ನಿಮ್ಮವಳೇ ಆದ,
ನೀರೂ